ನೂರರಲ್ಲಿ ಮೂವತ್ತೈದು

ಮಂಗಳವಾರ, ಮಧ್ಯಾಹ್ನ
ತೀವ್ರ ನಿಗಾ ಘಟಕದ ಹೊರಗಿನ ಬೆಂಚು

ಅಮ್ಮಾ,

ನೀನು ಮಾಡಿದ್ದು ತಪ್ಪು. ನೀನು ಅವರನ್ನು ಬಿಟ್ಟು ಹೋಗಿರಬಹುದು, ಆದರೂ ಗಂಡ. ಅವರ ಹೊಟ್ಟೆ ಕೊಯ್ದಿದ್ದಾರೆ ಎಂದು ಮಗಳು ಫೋನ್ ಮಾಡಿದರೆ, ‘ಉಳಿಯೋದು ನೂರಕ್ಕೆ ಎಷ್ಟಂತೆ?’ ಎಂದು ಕೇಳಿ, ಮೂವತ್ತೈದು ಎಂದಾಗ ‘ಸರಿ’ ಎಂದು ಇಟ್ಟುಬಿಟ್ಟೆ. ತರಕಾರಿ ರೇಟು ಕೇಳಿದವರೂ ಇಷ್ಟು ಬೇಗ ಅಂಗಡಿ ಬಿಟ್ಟು ಹೋಗುವುದಿಲ್ಲ. ಆಮೇಲಿಂದ ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಪತ್ರ. ಅಪ್ಪನ ಜೊತೆ ಲಿಫ್ಟ್ ರಿಪೇರಿ ಮಾಡುವ ಲಂಬೂ ಮಾಮ ಇವತ್ತು ನಿನ್ನ ಊರಿಗೆ ಬರುತ್ತಿದ್ದಾರೆ; ನಿನ್ನ ಇಸ್ತ್ರಿ ಅಂಗಡಿಗೇ ಬಂದು ಕೈಗೆ ಕೊಡುತ್ತಾರೆ. ನೀನು ಓದಿ ಮುಗಿಸುವವರೆಗೆ ಕದಲಬೇಡಿ ಎಂದು ಹೇಳಿ ಕಳಿಸಿದ್ದೇನೆ.

ಆ ಮೂವತ್ತೈದು ಎಲ್ಲಿಂದ ಬಂತು ಎಂದು ನೀನು ಕೇಳಲಿಲ್ಲ. ಭಾನುವಾರ ಅಪ್ಪನಿಗೆ ಹೊಟ್ಟೆನೋವು ಶುರುವಾಯಿತು. ಗ್ಯಾಸ್ ಎಂದುಕೊಂಡು ಸೋಡಾ ಕುಡಿದು, ಯಾರಿಗೂ ಹೇಳದೆ ಹಲ್ಲು ಕಚ್ಚಿಕೊಂಡಿದ್ದು, ಮಾರನೇ ದಿನ ಕೆಲಸಕ್ಕೂ ಹೋದರು. ಲಿಫ್ಟಿನ ಮೋಟಾರ್ ಕೋಣೆಯಲ್ಲಿ ಮುದುಡಿ ಬಿದ್ದಿದ್ದವರನ್ನು ಲಂಬೂ ಮಾಮ ಆಸ್ಪತ್ರೆಗೆ ಎತ್ತಿಕೊಂಡು ಬಂದರು. ಹೃದಯ ತಾಳ ತಪ್ಪಿ ಬಡಿಯುತ್ತಿತ್ತಂತೆ. ಅಲ್ಲಿ ಹುಟ್ಟಿದ ಹೆಪ್ಪು ಹರಿದುಬಂದು ಕರುಳಿಗೆ ರಕ್ತ ಒಯ್ಯುವ ನಾಳವನ್ನು ಮುಚ್ಚಿಬಿಟ್ಟಿದೆ. ಡಾಕ್ಟರಮ್ಮ ಹೆಪ್ಪು ತೆಗೆದು, ಕಪ್ಪಾಗಿದ್ದ ಕರುಳನ್ನು ಕತ್ತರಿಸಿದ್ದಾರೆ. ಉಳಿದದ್ದು ಬದುಕುತ್ತದೋ ಇಲ್ಲವೋ ಅವರಿಗೂ ಹೇಳಲಾಗುತ್ತಿಲ್ಲ. ನಾಳೆ ಮತ್ತೆ ಹೊಟ್ಟೆ ತೆರೆದು ನೋಡುತ್ತಾರೆ. ಈ ಕಾಯಿಲೆಯಲ್ಲಿ ಹಾಗೆ ಎರಡನೇ ಸಲ ನೋಡುವುದುಂಟಂತೆ.

ವಯಸ್ಸೆಷ್ಟು, ಮೂತ್ರಪಿಂಡ ಕೆಲಸ ಮಾಡುತ್ತಿದೆಯೇ, ರಕ್ತದಲ್ಲಿ ಆಮ್ಲ ಎಷ್ಟು ಏರಿದೆ, ನೋವು ಬಂದು ಎಷ್ಟು ತಡವಾಗಿ ಬಂದರು, ಇದನ್ನೆಲ್ಲ ಸೇರಿಸಿ ಅಂದಾಜು ಕಟ್ಟುತ್ತಾರೆ. ನಾನು ಸುಮ್ಮನಿರಲಿಲ್ಲ. ಆ ನೂರು ಜನ ಯಾರು, ಅವರಲ್ಲಿ ನೋವು ಬಂತೆಂದು ಕೆಲಸಕ್ಕೆ ರಜೆ ಹಾಕಿ ಬರಲಾದವರು ಎಷ್ಟು ಮಂದಿ ಎಂದು ಕೇಳಿದೆ. ಡಾಕ್ಟರಮ್ಮ ಸಿಟ್ಟಾಗಲಿಲ್ಲ. ಗೊತ್ತಿಲ್ಲ ಎಂದರು. ಇದು ಗುಂಪಿನ ಲೆಕ್ಕ, ನಿಮ್ಮ ತಂದೆ ಮೂವತ್ತೈದರಲ್ಲೋ ಅರವತ್ತೈದರಲ್ಲೋ ಅನ್ನುವುದನ್ನು ಇದು ಹೇಳುವುದಿಲ್ಲ ಎಂದರು. ಹಾಗಾದರೆ ಇದು ಯಾಕೆ ಬೇಕು ಎಂದೆ. ‘ನೀವು ತಯಾರಾಗಿರೋದಕ್ಕೆ’ ಎಂದರು. ನನಗೆ ತಯಾರಾಗುವ ಮನಸ್ಸಿಲ್ಲ.

ಅಪ್ಪನಿಗೆ ಮಾತ್ರ ಇದನ್ನು ಹೇಳಬೇಡ ಎಂದು ಅತ್ತೆ ನನ್ನ ಕೈ ಹಿಡಿದು ಬೇಡಿಕೊಂಡರು. ತಮ್ಮನ ಮೇಲಿನ ಪ್ರೀತಿ, ಒಪ್ಪುತ್ತೇನೆ. ಆದರೆ ರೋಗಿಯ ಹಕ್ಕಿನ ಕರಪತ್ರವನ್ನು ಬಸ್ ನಿಲ್ದಾಣದಲ್ಲಿ ನಿಂತು ಹಂಚಿದವಳು ನಾನು. ಊರಿನವರ ಅಪ್ಪಂದಿರಿಗೆ ಒಂದು ನ್ಯಾಯ, ನನ್ನ ಅಪ್ಪನಿಗೆ ಇನ್ನೊಂದೇ? ಇವತ್ತು ಬೆಳಿಗ್ಗೆ ಅವರಿಗೆ ಎಚ್ಚರವಾದಾಗ ಹೇಳಿಬಿಟ್ಟೆ. ಮೂಗಿನಲ್ಲಿ ನಳಿಕೆ, ತುಟಿ ಒಣಗಿ ಬಿರಿದಿತ್ತು. ಆದರೂ ಕೇಳಿದರು:

‘ನಿನ್ನ ಕರಪತ್ರದಲ್ಲಿ ಕರುಳಿನ ವಿಷಯ ಏನಾದ್ರೂ ಬರ್ದಿದಾರಾ?’

ಇಲ್ಲ ಎಂದೆ.

‘ಮತ್ತೆ ಅಷ್ಟೊಂದು ಕಾಗದ ಹಾಳು ಮಾಡಿದ್ಯಲ್ಲೇ.’

ನಗಲು ಹೋಗಿ, ಹೊಲಿಗೆ ಎಳೆದು, ಕಣ್ಣು ಮುಚ್ಚಿಕೊಂಡರು.

ಇಲ್ಲಿ ಬರೆಯುವುದನ್ನು ನಿಲ್ಲಿಸಿ ಒಳಗೆ ಹೋಗಿ ಬಂದೆ. ಕೂತರೆ ಕೂರಲಾಗುವುದಿಲ್ಲ, ನಿಂತರೆ ನಿಲ್ಲಲಾಗುವುದಿಲ್ಲ. ಮೂತ್ರದ ಚೀಲ ಬೆಳಿಗ್ಗೆಗಿಂತ ತುಂಬಿದೆಯೋ ಎಂದು ಇಣುಕುವುದೇ ನನ್ನ ಕೆಲಸವಾಗಿದೆ. ‘ನೀವು ನೋಡಿದ್ರೆ ಜಾಸ್ತಿ ಆಗಲ್ಲ, ಹೋಗಿ’ ಎಂದು ನರ್ಸಕ್ಕ ಅಟ್ಟಿದರು. ತುಂಬಿದಂತೆ ಕಂಡರೆ ಮೂವತ್ತೈದು ನಲವತ್ತಾಯಿತು ಎಂದು ಮನಸ್ಸು ತಾನೇ ಕೂಡಿಸಿಕೊಳ್ಳುತ್ತದೆ. ಕಡಿಮೆ ಕಂಡರೆ ಸರಿಯಾಗಿ ನೋಡಲೇ ಇಲ್ಲ ಎಂದುಕೊಳ್ಳುತ್ತದೆ. ನಿನ್ನನ್ನು ಬೈಯುತ್ತ ನಾನೂ ಅಂಕಿಯನ್ನೇ ಹಿಡಿದುಕೊಂಡು ಓಡಾಡುತ್ತಿದ್ದೇನೆ.

ನೀನು ಅಪ್ಪನನ್ನು ಬಿಟ್ಟದ್ದಕ್ಕೆ ನಾನು ಎಂದೂ ದೂರಿದವಳಲ್ಲ. ಎಲ್ಲವನ್ನೂ ಒಳಗೇ ಇಟ್ಟುಕೊಳ್ಳುವವರ ಜೊತೆ ಬಾಳುವುದೆಂದರೆ ಗೋಡೆಗೆ ಅಡುಗೆ ಮಾಡಿ ಬಡಿಸಿದ ಹಾಗೆ ಎಂದು ನೀನು ಹೇಳಿದಾಗ, ಅತ್ತೆಯ ಎದುರು ನಿನ್ನ ಪರವಾಗಿ ವಾದಿಸಿದೆ. ಈ ಸಲ ನೋವನ್ನೂ ಹಾಗೇ ಒಳಗಿಟ್ಟುಕೊಂಡರು. ಆ ಜಗಳವನ್ನು ಆಮೇಲೆ ಬೇಕಾದರೆ ಮುಗಿಸಿಕೊಳ್ಳಿ. ಅಪ್ಪ ನಿನ್ನನ್ನು ಕೇಳಿಲ್ಲ, ನಿನ್ನ ಹೆಸರನ್ನೂ ಎತ್ತಿಲ್ಲ. ನಾನೇ ಕರೆಯುತ್ತಿದ್ದೇನೆ. ಸುಮ್ಮನೆ ಪಕ್ಕದಲ್ಲಿ ಕೂರಲು ಬಾ, ಅಷ್ಟೇ.

ನಿನ್ನ ಹಟಮಾರಿ ಮಗಳು

ತಾ.ಕ.: ಕೊನೆಯಲ್ಲಿ ಬರೆದದ್ದು ಸುಳ್ಳು. ಅಪ್ಪ ನಿನ್ನನ್ನೇ ಕೇಳಿದರು. ನಾಳೆ ಹೊಟ್ಟೆ ತೆರೆದಾಗ ಉಳಿದ ಕರುಳೂ ಸತ್ತಿದ್ದರೆ, ಅದನ್ನೂ ತೆಗೆದು ರಕ್ತನಾಳದ ಮೂಲಕ ಆಹಾರ ಕೊಡುತ್ತ ಉಳಿಸಲು ನೋಡುವುದೋ, ಹೊಟ್ಟೆ ಮುಚ್ಚಿ ಕೊನೆಯವರೆಗೆ ನೋವಾಗದಂತೆ ನೋಡಿಕೊಳ್ಳುವುದೋ ಎಂದು ಡಾಕ್ಟರಮ್ಮ ಹೊರಗೆ ಬಂದು ಒಬ್ಬರನ್ನು ಕೇಳುತ್ತಾರೆ. ಆ ಒಬ್ಬಳು ನಾನೇ ಎಂದುಕೊಂಡಿದ್ದೆ. ಅಪ್ಪ ನೀನು ಎಂದರು.

‘ನಿನ್ನನ್ನ ಕೇಳಿದ್ರೆ, ಬಿಡಲೇಬೇಡಿ ಅಂತ ಧರಣಿ ಕೂರ್ತೀಯ, ಪುಟ್ಟಿ. ಅವಳು ನನ್ನನ್ನ ಒಂದ್ಸಲ ಬಿಟ್ಟವಳು. ಬಿಡೋ ಹೊತ್ತು ಬಂದಿದೆಯೋ ಇಲ್ವೋ, ಅವಳಿಗೆ ಗೊತ್ತಾಗುತ್ತೆ.’

ಇದನ್ನು ಬರೆಯಲು ನನಗೆ ಕೈ ಬರಲಿಲ್ಲ. ನೀನು ‘ಬಿಟ್ಟುಬಿಡಿ’ ಎಂದುಬಿಟ್ಟರೆ ಎಂಬ ಭಯ. ನಾಳೆ ಒಂಬತ್ತಕ್ಕೆ ಅವರನ್ನು ಆಪರೇಷನ್ ಕೋಣೆಗೆ ಕರೆದೊಯ್ಯುತ್ತಾರೆ. ಅದಕ್ಕೆ ಮೊದಲು ನೀವಿಬ್ಬರೂ ಮಾತಾಡಬೇಕು. ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ, ಆಸ್ಪತ್ರೆಯ ಮುಂಬಾಗಿಲಲ್ಲಿ ನಿಂತಿರುತ್ತೇನೆ.