ಶೋಘೇರಳ ಹೊಗೆ

ಗ್ಯುಮ್ರಿ
ಅಕ್ಟೋಬರ್ ೧೨

ಶೋಘೇರಳ ಮನೆತನದ ಅಘಾಸಿಗೆ,

ಹೀಗೆ ಕರೆದರೆ ನಿನಗೆ ಮೈ ಉರಿಯುತ್ತದೆಂದು ಗೊತ್ತು. ಉರಿಯಲಿ. ಕಟ್ಟಡದ ಕೆಲಸವೆಂದು ರೊಸ್ತೋವಿಗೆ ಹೋಗಿ ಅಲ್ಲೇ ಉಳಿದವನು, ಹೆತ್ತ ತಾಯಿಯ ಮಣ್ಣಿಗೂ ಬಾರದವನು, ಈಗ ತಮ್ಮನ ಬಾಯಲ್ಲಿ ಅಪ್ಪಣೆ ಕಳಿಸಿದ್ದೀಯ. ಅಮ್ಮನ ಸಮಾಧಿಯ ಕಲ್ಲಿನ ಮೇಲೆ ಮುತ್ತಜ್ಜಿ ಶೋಘೇರಳ ಹೆಸರಿನ ಶೋಘೇರ್ಯಾನ್ ಎಂದು ಕೆತ್ತಿಸಬಾರದಂತೆ. ಮುತ್ತಜ್ಜ ಮನ್ವೆಲನ ಹೆಸರು ಹಿಡಿದು ಮನ್ವೆಲ್ಯಾನ್ ಎಂದು ಕೆತ್ತಿಸಬೇಕಂತೆ. ಇನ್ನು ಮುಂದೆ ಮನೆತನಕ್ಕೆಲ್ಲ ಅದೇ ಹೆಸರಂತೆ. ಆಗುವುದಿಲ್ಲ.

ನಿನ್ನ ತಮ್ಮ ಗುರ್ಗೆನ್ ಬಂದವನು ಒಂದು ಬಟ್ಟಲು ಸಾರು ಇಳಿಸಿ ರಾಗ ಎಳೆದ. “ಅತ್ತಿಗೆ, ಊರಲ್ಲಿ ಎಲ್ರಿಗೂ ಅಪ್ಪ ಅಜ್ಜಂದಿರ ಹೆಸರು. ಹೆಂಗಸಿನ ಹೆಸರು ಹೊತ್ಕೊಂಡು ತಿರುಗೋರು ನಾವೊಬ್ರೇ. ಮದುವೆ ಮನೇಲಿ ಲೋಟ ಎತ್ತಿದಾಗೆಲ್ಲ ಯಾವನಾದ್ರೂ ಕೇಳ್ತಾನೆ, ನಿಮ್ಮನೇಲಿ ಗಂಡಸ್ರೇ ಇರ್ಲಿಲ್ವಾ ಅಂತ.”

“ಇದ್ರು ಕಣೋ,” ಅಂದೆ. “ಊಟದ ಹೊತ್ತಿಗೆ ಬರ್ತಿದ್ರು.”

ಅವನು ಮತ್ತೆ ಬಟ್ಟಲು ಮುಂದೆ ಮಾಡಲಿಲ್ಲ.

ಮನ್ವೆಲ್ ಕುದುರೆಯಿಂದ ಬಿದ್ದು ಸತ್ತ, ವಿಧವೆ ಶೋಘೇರ್ ಮಕ್ಕಳನ್ನು ಸಾಕಿದಳು ಎಂದು ನೀವು ಅಣ್ಣತಮ್ಮಂದಿರು ನಂಬಿದ್ದೀರಿ. ಅತ್ತೆ ನಿಜವನ್ನು ಗಂಡುಮಕ್ಕಳಿಗೆ ಹೇಳಲೇ ಇಲ್ಲ. ನನಗೆ ಹೇಳಿದರು, ಇಬ್ಬರೂ ತೋನಿರ್ ಒಲೆಯ ಮುಂದೆ ಕೂತು ಲವಾಶ್ ರೊಟ್ಟಿ ಬಡಿಯುತ್ತಿದ್ದಾಗ. “ಸತ್ತೂ ಇಲ್ಲ ಗಿತ್ತೂ ಇಲ್ಲ ಕಣೇ, ಓಡಿಹೋದ” ಅಂದರು.

ಆಗೆಲ್ಲ ಹೊಗೆ ನೋಡಿ ಮನೆ ಎಣಿಸುತ್ತಿದ್ದರು. ಸೂರಿನ ಕಿಂಡಿಯಿಂದ ಹೊಗೆ ಎದ್ದರೆ ಮನೆ ಉಂಟು, ಇಲ್ಲದಿದ್ದರೆ ವಂಶ ಅಳಿಯಿತು ಅಂತ. ಮನ್ವೆಲ್ ಕಾಣೆಯಾದ ಚಳಿಗಾಲದಲ್ಲಿ ನೆಂಟರು ಬಂದು, ಒಲೆ ಮುಚ್ಚು, ಮಕ್ಕಳನ್ನು ಹಂಚಿಕೊಳ್ಳುತ್ತೇವೆ ಎಂದರಂತೆ. ಶೋಘೇರ್ ಜಗ್ಗಲಿಲ್ಲ. ಬೆರಣಿ ಮುಗಿದ ಮೇಲೆ ತೊಟ್ಟಿಲು ಸುಟ್ಟಳು. ಅದೂ ಮುಗಿದಾಗ ಬಾಗಿಲನ್ನೇ ಕಿತ್ತು ಒಲೆಗೆ ಹಾಕಿ, ಬಾಗಿಲಿದ್ದ ಜಾಗಕ್ಕೆ ಕಂಬಳಿ ಕಟ್ಟಿದಳು. ಹಿಟ್ಟಿಲ್ಲದ ದಿನವೂ ಹೊಗೆ ನಿಲ್ಲಲಿಲ್ಲ. ಊರು ಅದನ್ನು ಶೋಘೇರಳ ಹೊಗೆ ಅಂದಿತು, ಮಕ್ಕಳನ್ನು ಶೋಘೇರ್ಯಾನ್ ಅಂದಿತು. ‘ಯಾನ್’ ಅಂದರೆ ಅಷ್ಟೇ ತಾನೇ, ಇಂಥವರ ಮಕ್ಕಳು ಅಂತ.

ಮಕ್ಕಳು ಎದೆಯುದ್ದ ಬೆಳೆದ ಮೇಲೆ ಮನ್ವೆಲ್ ವಾಪಸು ಬಂದ. ಊರ ಚಿಲುಮೆಯ ಹತ್ತಿರ ನೀರಿಗೆ ಬಂದ ಹೆಂಗಸರಿಗೆ ಗುರುತು ಸಿಗಲಿಲ್ಲ. “ಯಾರ ಪೈಕಿನಪ್ಪಾ ನೀನು?” ಎಂದು ಕೇಳಿದರು. ಅವನು ತನ್ನ ಅಪ್ಪನ ಹೆಸರು ಹೇಳಲಿಲ್ಲ. ತಲೆ ತಗ್ಗಿಸಿ, “ಶೋಘೇರಳ ಪೈಕಿ” ಅಂದ. ಶೋಘೇರ್ ರೊಟ್ಟಿ ಹಾಕಿದಳು. ಸಾಯುವವರೆಗೂ ಅವನು ಅದೇ ಹೆಸರಿನಲ್ಲಿ ಬಾಳಿದ. ಕಂಡವರೆಲ್ಲ ಮಣ್ಣಾದ ಮೇಲೆ ಗಂಡಸರ ಬಾಯಲ್ಲಿ ಕುದುರೆಯ ಕಥೆ ಉಳಿಯಿತು. ಆ ಮನ್ವೆಲನಿಗೆ ಆಗದ ಅವಮಾನ ನಿನಗೆ ಆಗುತ್ತಿದೆಯೇ? ನಾಚಿಕೆಯಾಗಬೇಕು ನಿನಗೆ!

ಕಲ್ಲು ಕೆತ್ತುವ ಮುಕುಚ್ ಉಳಿ ಕೆಳಗಿಟ್ಟು, “ಅಕ್ಕಾ, ಗಂಡಸ್ರು ಒಂದ್ ಹೇಳ್ತಾರೆ, ನೀನೊಂದ್ ಹೇಳ್ತೀಯ. ನಾನ್ಯಾರ ಮಾತು ಕೇಳ್ಲಿ?” ಎಂದ.

“ಅತ್ತೆ ಕಣ್ಣು ಮುಚ್ಚೋವಾಗ ಬಾಯಿಗೆ ನೀರು ಬಿಟ್ಟೋರ ಮಾತು ಕೇಳು” ಎಂದೆ.

ಕೆತ್ತಿದ. ಕಪ್ಪು ಕಲ್ಲಿನ ಮೇಲೆ ಈಗ ಅತ್ತೆಯ ಹೆಸರು ತಾಗುಹಿ ಶೋಘೇರ್ಯಾನ್ ಎಂದಿದೆ. ಅವರು ತೀರಿ ವರ್ಷ ತುಂಬುವ ದಿನ ನಿಲ್ಲಿಸುತ್ತೇವೆ. ಅಳಿಸಲೇಬೇಕೆಂದಿದ್ದರೆ ಯಾರ ಕೈಲೂ ಹೇಳಿಕಳಿಸಬೇಡ, ಉಳಿ ಹಿಡಿದು ನೀನೇ ಬಾ. ನಾನು ಆ ಕಲ್ಲಿಗೇ ಒರಗಿ ಕೂತಿರುತ್ತೇನೆ.

ನೀನು ಬಿಟ್ಟುಹೋದ ಒಲೆ ಆರದಂತೆ ಕಾದಿರುವ,
ಎರಾನುಹಿ ಶೋಘೇರ್ಯಾನ್

ಇನ್ನೊಂದು ಮಾತು: ರೊಸ್ತೋವಿನಲ್ಲಿ ನಿನಗೆ ಮಗಳು ಹುಟ್ಟಿರುವುದನ್ನು ಗುರ್ಗೆನ್ ಬಾಯಿಬಿಟ್ಟ. ಅಳು ಬಂತು, ಅತ್ತು ಮುಗಿಸಿದೆ. ಆ ಕೂಸಿನದೇನು ತಪ್ಪು? ಅವಳಿಗೂ ಶೋಘೇರ್ಯಾನ್ ಎಂದೇ ಬರೆಸು. ಎಂದಾದರೂ ಅವಳು ಈ ಊರಿಗೆ ಬಂದರೆ, ಚಿಲುಮೆಯ ಹತ್ತಿರ ಯಾರ ಪೈಕಿ ಎಂದು ಕೇಳಿಯೇ ಕೇಳುತ್ತಾರೆ. ಅವಳ ಬಾಯಲ್ಲಿ ಉತ್ತರ ಇರಲಿ, ರೊಟ್ಟಿ ನಾನು ಹಾಕುತ್ತೇನೆ. ನಿನ್ನನ್ನೂ ಕೇಳುತ್ತಾರೆ. ಮೊದಲು ಉತ್ತರ ಹೇಳು, ಆಮೇಲೆ ರೊಟ್ಟಿ.