ಟೊಲೆಡೊದಲ್ಲಿ ಲೆಯೊನೋರ್ ಎಂಬವರಿಲ್ಲ

ಮ್ಯಾಡ್ರಿಡ್
ಮಂಗಳವಾರ, ೧೬ ಮೇ ೧೯೮೯

ಪ್ರೀತಿಯ ಅಜ್ಜಿಗೆ,

ನಿನ್ನ ಕಸಿಲ್ದಾಳ ನೂರೆಂಟು ಮುತ್ತುಗಳು. ಈಸ್ಟರ್ ಮುಗಿಸಿಕೊಂಡು ಬಂದವಳು ಇದುವರೆಗೆ ಒಂದು ಸಾಲೂ ಬರೆಯಲಿಲ್ಲ, ತಪ್ಪಾಯಿತು. ಪರೀಕ್ಷೆಯ ನೆಪ ಹೇಳೋಣವೆಂದರೆ, ಓದು ಬಿಟ್ಟು ಊರು ಸುತ್ತಿದ ಕಥೆಯನ್ನೇ ಬರೆಯಲು ಕೂತಿದ್ದೇನೆ. ಅಪ್ಪಾ, ಎಂದಿನಂತೆ ಅಜ್ಜಿಗೆ ಇದನ್ನು ಓದಿ ಹೇಳುತ್ತಿರುವವನು ನೀನೇ ತಾನೆ? ನಡುವೆ ಅವಳು ಸಾಕು ನಿಲ್ಲಿಸು ಎಂದು ಗದರಿದರೂ ನಿಲ್ಲಿಸಬೇಡ.

ಸಂತ ಇಸಿದ್ರೋ ಹಬ್ಬದ ರಜೆಯೂ ಸೇರಿ ಮೂರು ದಿನ ಸಿಕ್ಕಿತ್ತು. ನಾನು ಮತ್ತು ನನ್ನ ಕೋಣೆಯ ಗೆಳತಿ ಚಾರೋ ಶನಿವಾರ ಸೆಗೋವಿಯಕ್ಕೆ ಬಸ್ಸು ಹತ್ತಿದೆವು. ರೋಮನ್ನರು ಕಟ್ಟಿದ ಮೇಲ್ಗಾಲುವೆಯ ಆ ಕಲ್ಲಿನ ಕಮಾನುಗಳ ಕೆಳಗೆ ಕತ್ತು ನೋಯುವವರೆಗೆ ನಿಂತು, ಆಮೇಲೆ ಸುಟ್ಟ ಹಂದಿಮರಿ ತಿನ್ನಲು ಹೋದೆವು. ಮಾಂಸ ಎಷ್ಟು ಮೆತ್ತಗಿದೆ ಎಂದು ತೋರಿಸಲು ಹೋಟೆಲಿನವನು ಅದನ್ನು ಊಟದ ತಟ್ಟೆಯ ಅಂಚಿನಿಂದಲೇ ಕತ್ತರಿಸಿ, ತಟ್ಟೆಯನ್ನು ನೆಲಕ್ಕೆ ಅಪ್ಪಳಿಸಿ ಒಡೆದ. ಚಾರೋ, "ನೋಡೇ, ನಮ್ಮನೇಲಿ ನಾನೊಂದು ತಟ್ಟೆ ಒಡೆದ್ರೆ ಅಮ್ಮ ವಾರಗಟ್ಲೆ ಮಾತು ಬಿಡ್ತಾಳೆ. ಇಲ್ಲಿ ಇವನಿಗೆ ಚಪ್ಪಾಳೆ!" ಎಂದಳು. ನಿನ್ನ ಒಲೆಯ ರುಚಿ ಮಾತ್ರ ಅದಕ್ಕಿರಲಿಲ್ಲ. ಇದು ಬೆಣ್ಣೆ ಹಚ್ಚುವ ಮಾತಲ್ಲ.

ಆದರೂ ಸ್ವಲ್ಪ ಬೆಣ್ಣೆ ಬೇಕಾಗಿದೆ, ಏಕೆಂದರೆ ಭಾನುವಾರ ನಾವು ಹೋದದ್ದು ಟೊಲೆಡೊಗೆ.

ಅಜ್ಜಿ, ಕ್ರಿಸ್‌ಮಸ್ ರಜೆಯಲ್ಲಿ ನಿನಗೆ ಜ್ವರ ಏರಿದ್ದಾಗ ನಾನು ಪಕ್ಕದಲ್ಲಿ ಕೂತಿದ್ದೆ. "ಲೆಯೊನೋರ್, ನೀರು ತಾ ಮಗಳೇ" ಎಂದು ನೀನು ಎರಡು ಸಲ ಕರೆದೆ. ಮರುದಿನ ಕೇಳಿದರೆ, "ನಾನು ಯಾರನ್ನೂ ಕರೀಲಿಲ್ಲ, ನಿನ್ನ ಕಿವಿ ತೊಳ್ಕೋ" ಎಂದೆ. ಲೆಯೊನೋರ್ ಅತ್ತೆ ನಮ್ಮ ಮನೆ ಬಿಟ್ಟು ಹೋದಾಗ ನನಗೆ ಒಂದು ವರ್ಷ. ಅವಳು ಟೊಲೆಡೊದ ಕನ್ಯಾಸ್ತ್ರೀಯರ ಮಠ ಸೇರಿದಳು, ನೀನು ಹೊಸ್ತಿಲಲ್ಲಿ ನಿಂತು "ನನಗೆ ಮಗಳಿಲ್ಲ" ಎಂದೆ, ಅವಳು ಮುಸುಕು ತೊಟ್ಟ ದಿನ ನಮ್ಮ ಮನೆಯಿಂದ ಒಬ್ಬರೂ ಹೋಗಲಿಲ್ಲ. ನನಗೆ ಗೊತ್ತಿದ್ದುದು ಇಷ್ಟೇ. ನೀನು ಕರೆದೆಯೆಂದು ಅವಳಿಗೆ ತಿಳಿಸಬೇಕು ಅನ್ನಿಸಿತು. ಬೈಯುವುದಿದ್ದರೆ ನನ್ನನ್ನು ಬೈ, ಅಪ್ಪನನ್ನಲ್ಲ.

ಮಠದಲ್ಲಿ ಬಾದಾಮಿ ಮಿಠಾಯಿ ಮಾರುವ ಕ್ರಮ ನಿನಗೆ ಗೊತ್ತೇ ಇದೆ. ಗೋಡೆಯೊಳಗೆ ತಿರುಗುವ ಮರದ ಗೂಡು, ಹಣ ಇಟ್ಟರೆ ಮಿಠಾಯಿ ತಿರುಗಿ ಬರುತ್ತದೆ, ಆಚೆಯವರ ಮುಖ ಕಾಣುವುದಿಲ್ಲ, ಬರೀ ದನಿ. ನಾನು ಗಾಬರಿಯಲ್ಲಿ "ನಮಸ್ಕಾರ" ಎಂದುಬಿಟ್ಟೆ. ಆಚೆಯಿಂದ ಉಸಿರೂ ಇಲ್ಲ. ಚಾರೋ ತಿವಿದ ಮೇಲೆ ಮಠದ ರೂಢಿಯಂತೆ, "ನಮೋ ಮರಿಯೆ, ಪರಿಶುದ್ಧಳೇ" ಎಂದೆ. "ಪಾಪದ ಸೋಂಕಿಲ್ಲದೆ ಉದಿಸಿದವಳೇ" ಎಂದು ಒಬ್ಬ ಮುದುಕಿಯ ದನಿ ಉತ್ತರಿಸಿತು. "ಎಷ್ಟು ಕೊಡ್ಲಿ ಮಗಳೇ, ಅರ್ಧ ಕಿಲೋನಾ?"

"ನನಗೆ ಲೆಯೊನೋರ್ ಬರ್ರಾದೊ ಅವರನ್ನ ನೋಡಬೇಕಿತ್ತು."

"ಆ ಹೆಸರಿನವರು ಇಲ್ಲಿ ಯಾರೂ ಇಲ್ಲಮ್ಮಾ."

ಅಳು ಬಂತು. ಅರ್ಧ ಕಿಲೋ ಮಿಠಾಯಿ ತೆಗೆದುಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತೆ. ಚಾರೋ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದಿ! ಮುಸುಕು ತೊಟ್ಟ ದಿನ ಅವರಿಗೆ ಬೇರೆ ಹೆಸರಿಡಲ್ವಾ? ನಿಮ್ಮ ಮನೇಲಿ ಯಾರಿಗೂ ಆ ಹೆಸರು ಗೊತ್ತಿಲ್ವಾ? ಯಾರೂ ಹೋಗ್ಲೇ ಇಲ್ವಾ?" ಎಂದಳು. ನನಗೆ ನಾಚಿಕೆಯಾಯಿತು, ಅಜ್ಜಿ. ನಿನ್ನ ಮೇಲೆ ಕೋಪವೂ ಬಂತು.

ಸೋಮವಾರ ಬೆಳಿಗ್ಗೆ ಮತ್ತೆ ಹೋದೆ. ಈ ಸಲ ಹೆಸರು ಕೇಳಲಿಲ್ಲ. "ಹೆರ್ತೆ ಕಣಿವೆಯ ನಮ್ಮೂರಿನವರು, ಹತ್ತೊಂಬತ್ತು ವರ್ಷದ ಹಿಂದೆ ಬಂದವರು, ನಾನು ಅವರ ಅಣ್ಣನ ಮಗಳು" ಎಂದೆ. ಮುದುಕಿಯ ಹೆಜ್ಜೆ ಸಪ್ಪಳ ಒಳಗೆ ದೂರವಾಯಿತು. ಬಹಳ ಹೊತ್ತಾಯಿತು. ಆಮೇಲೆ ಗೂಡಿನಾಚೆಯಿಂದ ಒಂದು ದನಿ ಕೇಳಿತು:

"ಚೆರ್ರಿ ಕೀಳೋಕೆ ಶುರು ಮಾಡಿದ್ರಾ?"

ಅದು ನಿನ್ನದೇ ದನಿ, ಅಜ್ಜಿ. ಮಾತಿನ ಕೊನೆಯಲ್ಲಿ ನೀನು ಎಳೆಯುವ ಹಾಗೆಯೇ ಎಳೆಯುತ್ತಾಳೆ. ನದಿ ಪಕ್ಕದ ಮರಗಳು ಇನ್ನೂ ಇವೆಯೇ, ಅಣ್ಣನ ಬೆನ್ನುನೋವು ಹೇಗಿದೆ ಎಂದೆಲ್ಲ ಕೇಳಿದಳು. ನಿನ್ನ ಜ್ವರದ ವಿಷಯ, ಆಗ ನೀನು ಅವಳನ್ನು ಕರೆದ ವಿಷಯ ಹೇಳಿದೆ. "ಏನಂತ ಕರೆದ್ರು? ಅದೇ ಮಾತು ಹೇಳು" ಎಂದಳು. ಹೇಳಿದೆ. "ನೀರು ಕೊಟ್ಯಾ?" ಎಂದು ಕೇಳಿ ನಕ್ಕಳು, ಆ ನಗು ನಡುವೆಯೇ ಅಳುವಾಯಿತು. ನಾನೂ ಗೂಡಿನ ಮರಕ್ಕೆ ಹಣೆ ಹಚ್ಚಿ ಅತ್ತುಬಿಟ್ಟೆ. "ಜಾಲರಿ ಹಾಕಿದ ಕೋಣೆ ಒಂದಿದೆ ಕಣೇ, ಅಲ್ಲಿ ಮುಖ ನೋಡಬಹುದು. ನನ್ನನ್ನ ನೋಡೋಕೆ ಯಾರೂ ಬಂದಿಲ್ಲ ಅಷ್ಟೆ" ಎಂದಳು. ದೂರಿ ಹೇಳಿದ್ದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಜುಲೈಗೆ ಕೊಯ್ಲು ಮುಗಿಯುತ್ತದೆ. ನಾನು ಬಂದು ನಿನ್ನನ್ನು ಟೊಲೆಡೊಗೆ ಕರೆದುಕೊಂಡು ಹೋಗುತ್ತೇನೆ. ಬರುವುದಿಲ್ಲ ಎನ್ನಬೇಡ. ಮಿಠಾಯಿ ಬೇರೆ ಪೊಟ್ಟಣದಲ್ಲಿ ಕಳಿಸಿದ್ದೇನೆ, ಅಪ್ಪನಿಗೂ ಎರಡು ಉಳಿಸು. ನನ್ನ ಪರೀಕ್ಷೆಗೆ ಒಂದು ದೀಪ ಹಚ್ಚಿ, ತಲೆಯ ಮೇಲೆ ಕೈಯಿಟ್ಟೆ ಎಂದುಕೊಂಡು ಹರಸು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಮೊಮ್ಮಗಳು,
ಕಸಿಲ್ದಾ

ವಿ.ಸೂ.: ಪ್ರಾರ್ಥನೆಯ ಗಂಟೆ ಕೇಳಿ ಅತ್ತೆ ಹೊರಟಾಗ, "ಕಾಗದ ಬರೆದ್ರೆ ಯಾವ ಹೆಸರಿಗೆ ಬರೀಲಿ ಅತ್ತೆ?" ಎಂದೆ. ಅವಳು ಹೇಳಿದಳು: "ಮುಸುಕಿಗೆ ಮುಂಚೆ ಮಠದ ಹಿರಿಯ ಮದರ್, ಇಷ್ಟವಾದ ಮೂರು ಹೆಸರು ಬರೆದುಕೊಡು, ಒಂದನ್ನ ನಾನು ಆರಿಸ್ತೀನಿ ಅಂದ್ರು. ನಾನು ಮೂರು ಸಲಾನೂ ಅಮ್ಮನ ಹೆಸರೇ ಬರೆದೆ." ಅಲ್ಲಿ ಅವಳು ಸಿಸ್ಟರ್ ಒಬ್ದುಲಿಯಾ. ನಮ್ಮ ಮನೆಯಲ್ಲಿ ಹತ್ತೊಂಬತ್ತು ವರ್ಷ ಅವಳ ಹೆಸರನ್ನು ಯಾರೂ ಬಾಯಿಗೆ ತರಲಿಲ್ಲ. ಅಲ್ಲಿ ದಿನವೂ ಅವಳನ್ನು ನಿನ್ನ ಹೆಸರಿನಿಂದ ಕರೆದಿದ್ದಾರೆ. ಅಂಚೆಚೀಟಿ ಅಂಟಿಸಿದ ಲಕೋಟೆಯೊಂದನ್ನು ಇದರೊಳಗೆ ಇಟ್ಟಿದ್ದೇನೆ. ಮಠದ ವಿಳಾಸ ಬರೆದಿದ್ದೇನೆ, ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದೇನೆ. ಅಪ್ಪ ಬರೆಯುವುದು ಬೇಡ. ನಿನಗೆ ಬರೆಯಲು ಬರುವುದು ನಿನ್ನ ಹೆಸರೊಂದೇ ಅಲ್ಲವೇ, ಅಜ್ಜಿ? ಅದನ್ನೇ ಬರೆ.