ಪೈಪು ಬರುವ ಮುಂಚೆ

ಮಾಕಳಿ,
ಭಾನುವಾರ, ಫೆಬ್ರವರಿ 9

ನನ್ನ ಮುದ್ದು ಶೀತಲ್,

ಬೈಯಬೇಡ. ಮದುವೆಯಾಗಿ ಮೂರು ತಿಂಗಳಾದರೂ ನಿನಗೆ ಒಂದು ಸಾಲು ಬರೆದಿಲ್ಲ, ಗೊತ್ತು. ದೊಡ್ಡ ಸುದ್ದಿಗೆಲ್ಲ ಕಾಗದವೇ, ಫೋನ್ ಅಲ್ಲ ಎಂದು ಕಾಲೇಜಿನಲ್ಲಿ ಮಾತಾಗಿತ್ತಲ್ಲ, ಅದಕ್ಕೇ ಪೆನ್ನು ಹಿಡಿದಿದ್ದೇನೆ. ನನ್ನ ಕಾನ್ವೆಂಟ್ ಕನ್ನಡಕ್ಕೆ ನಗಬೇಡ.

ಸಿಕ್ಕಾಪಟ್ಟೆ ಖುಷಿಯಾಗಿದ್ದೇನೆ ಕಣೇ! ಗೋಪಿ ದಿನಾ ನಾಗಸಂದ್ರದವರೆಗೆ ಬೈಕಿನಲ್ಲಿ ಬಿಟ್ಟು, ನಾನು ಮೆಟ್ರೊ ಮೆಟ್ಟಿಲು ಹತ್ತಿ ಮರೆಯಾಗುವವರೆಗೂ ಕೈ ಬೀಸುತ್ತಾನೆ. ಮಾವನದು ಮಾತು ಕಡಿಮೆ. ಗೋಪಿಯ ಅಜ್ಜಿ ಸೊಣ್ಣಮ್ಮ ಇದ್ದಾರಲ್ಲ, ಅವರು ನಿನ್ನ ಜಾಗಕ್ಕೇ ಬಂದುಬಿಟ್ಟಿದ್ದಾರೆ.

ಒಂದೇ ಕಷ್ಟ, ನೀರು. ಬೋರ್‌ವೆಲ್ ನೀರಿಗೆ ಸೋಪು ನೊರೆಯೇ ಬರುವುದಿಲ್ಲ. ನನ್ನ ಕೂದಲು ತೆಂಗಿನ ನಾರಾಗಿದೆ. ಕುಡಿಯಲು ಕ್ಯಾನು. ಆದರೆ ಈಗ ನಗರದ ನೀರು ನಮ್ಮ ಬೀದಿಗೂ ಬರುತ್ತಿದೆ! ನಾವು ನಗರದ ಗಡಿಯ ಹೊರಗಿದ್ದೇವೆ, ಹಾಗಾಗಿ ಒಂದು ಷರತ್ತು: ನೀರು ಬೇಕಾದರೆ ಮನೆ, ಜಮೀನುಗಳಿಗೆ ನಗರದ ನಿಯಮಗಳನ್ನೂ ಒಪ್ಪಬೇಕು. ಬೀದಿಯ ಒಂದು ಮನೆ ಬೇಡವೆಂದರೂ ಲೈನು ಇಲ್ಲ.

ಅದನ್ನು ವಿವರಿಸಲು ಜಲಮಂಡಳಿಯ ಎಂಜಿನಿಯರ್ ನಮ್ಮ ಅಂಗಳಕ್ಕೇ ಬಂದರು. ವಸತಿ ಜಾಗದಲ್ಲಿ ಹೆಣ ಹೂಳುವಂತಿಲ್ಲ ಎನ್ನುವವರೆಗೆ ಎಲ್ಲ ಸಲೀಸಾಗಿಯೇ ನಡೆಯಿತು. ಈ ಮನೆಯಲ್ಲಿ ಸತ್ತವರನ್ನು ಹಿತ್ತಲಿನ ಸ್ವಂತ ಜಮೀನಿನಲ್ಲೇ ಮಣ್ಣು ಮಾಡುತ್ತಾರೆ. ತಾತನ ಸಮಾಧಿ ಅಲ್ಲಿದೆ. ಪಕ್ಕದ ಜಾಗ ಅಜ್ಜಿಯದು. ಅಲ್ಲಿ ಒಂದು ಕೊತ್ತಂಬರಿ ಮಡಿ ಮಾಡಲೂ ಬಿಡುವುದಿಲ್ಲ. ಜಮೀನೂ ಅವರ ಹೆಸರಿನಲ್ಲೇ ಇದೆ.

"ಊತಿರೋರ್ನ ಎಬ್ಬಿಸ್ತೀರಾ?" ಎಂದು ಅಜ್ಜಿ ಕೇಳಿದರು.

"ಇಲ್ಲ ಅಜ್ಜಿ, ಅವರು ಇರ್ತಾರೆ. ನೀರು ಬಿಟ್ಟ ದಿನದಿಂದ ಹೊಸಬರನ್ನ ಹೂಳೋ ಹಾಗಿಲ್ಲ, ಅಷ್ಟೇ. ಸ್ಮಶಾನಕ್ಕೆ ತಗೊಂಡ್ ಹೋಗ್ಬೇಕು."

"ಅಲ್ಲಿ ನಂಗ್ಯಾರಪ್ಪ ಗೊತ್ತು?"

ಪಕ್ಕದ ಮನೆ ಮಾರಕ್ಕನಿಗೆ ತಾಳ್ಮೆ ಕೆಟ್ಟಿತು. "ಸೊಣ್ಣಕ್ಕ, ನೀನ್ ಮಲಗೋಕ್ ಜಾಗ ಬೇಕೂಂತ ನಾವೆಲ್ಲ ಕ್ಯಾನ್ ಒತ್ಕೊಂಡ್ ಸಾಯ್ಬೇಕಾ?"

"ಒತ್ಕೋ. ಸೊಂಟನಾದ್ರೂ ಕರಗ್ತದೆ."

ಎಲ್ಲರೂ ನಕ್ಕರು. ಮಾವ ಮಾತ್ರ ನೆಲ ನೋಡುತ್ತಿದ್ದರು. ಹೆತ್ತ ತಾಯಿಗೆ ಒಪ್ಪಿಕೋ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಆಗ ನಾನೇ ನಡುವೆ ಬಾಯಿ ಹಾಕಿದೆ.

"ಅಜ್ಜಿ, ನೀವು ಇನ್ನೂ ನೂರು ವರ್ಷ ಇರ್ತೀರ. ಅಷ್ಟರಲ್ಲಿ ರೂಲ್ಸೇ ಬದಲಾಗತ್ತೆ. ಪ್ಲೀಸ್, ಒಪ್ಕೊಳ್ಳಿ!"

ಅಜ್ಜಿ ನನ್ನ ತಲೆ ಸವರಿದರು. ಕೈಗೆ ಬಂದ ಕೂದಲನ್ನು ಸುತ್ತಿ ಸುತ್ತಿ ಉಂಡೆ ಮಾಡಿದರು. ಆಮೇಲೆ ಎಂಜಿನಿಯರ್ ಕಡೆ ತಿರುಗಿ, "ನೀರ್ ಯಾವಾಗ ಬಿಡ್ತೀರಿ?" ಎಂದರು.

"ಯುಗಾದಿ ಹೊತ್ತಿಗೆ."

"ಸರಿ, ಎಬ್ಬೆಟ್ ಎಲ್ ಒತ್ಬೇಕು?"

ಯೋಚಿಸು ಶೀತಲ್, ಯುಗಾದಿಗೆ ಷವರ್! ನೀನೂ ನಿನ್ನ ತಂಗಿ ಮೋನಿಕಾನೂ ಆರ್.ಟಿ. ನಗರದಿಂದ ಬರಲೇಬೇಕು. ಒಬ್ಬಟ್ಟು ನಾನೇ ತಟ್ಟುತ್ತೇನೆ, ಚಪ್ಪಟೆಯಾಗಿ ಬಂದರೆ ಪುಣ್ಯ. "ಆ ಉಡುಗೀಗೂ ನಮ್ ಗೋಪಿಯಂತ ಗಂಡ ಸಿಗ್ಲಿ" ಎಂದು ಅಜ್ಜಿ ನಿನಗೆ ಆಶೀರ್ವಾದ ಕಳಿಸಿದ್ದಾರೆ. ನನ್ನದೂ ಸೇರಿಸಿಕೋ.

ನಿನ್ನ
ನಂದಿತಾ

ಮರೆತ ಮಾತು: ಮಡಿಸಿದ ಹಾಳೆಯನ್ನು ಮತ್ತೆ ಬಿಚ್ಚಿದ್ದೇನೆ. ಅಜ್ಜಿಗೆ ಬಿ.ಪಿ. ಮಾತ್ರೆ ಕೊಡುವವಳು ನಾನೇ. ನಿನ್ನೆ ಅವರ ಎಲೆಅಡಿಕೆ ಚೀಲ ಒಗೆಯಲು ತೆಗೆದರೆ ಒಳಗೆಲ್ಲ ಮಾತ್ರೆ. ಹೆಬ್ಬೆಟ್ಟು ಒತ್ತಿದ ಮೇಲೆ ಒಂದನ್ನೂ ನುಂಗಿಲ್ಲ. ಕೇಳಿದರೆ, "ನೀರ್ ಬರಾದ್ರೊಳಗೆ ಓಗ್ಬಿಟ್ರೆ ಅವ್ರ ಪಕ್ಕ ಮಲಗ್ಬೋದು ಕಣವ್ವ. ಗೋಪಿಗ್ ಏಳ್ಬೇಡ" ಎಂದರು. ಹೇಳಿಲ್ಲ. ಇವತ್ತು ಮಾತ್ರೆ ಪುಡಿ ಮಾಡಿ ಅವರ ಸಾರಿಗೆ ಬೆರೆಸಿದೆ. "ಯಾಕೋ ಕಹಿ ಐತೆ" ಎಂದು ನನ್ನ ಮುಖವನ್ನೇ ನೋಡಿದರು. ಆಮೇಲೆ ಪೂರ್ತಿ ಉಂಡರು. ಪೈಪು ಮಾರಕ್ಕನ ಗೇಟಿನವರೆಗೆ ಬಂದಿದೆ.